ಡಿಟಿಪಿ ಗೊತ್ತಿದೆ, ವೆಬ್ ಡಿಸೈನ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಾಗರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಿ.ಕಾಂ. ಆಗಿದೆ. ಫೋಟೊಶಾಪ್, ಕೋರೆಲ್‌ಡ್ರಾ, ನುಡಿ ಚೆನ್ನಾಗಿ ಬರುತ್ತದೆ. ಕೋಡಿಂಗ್ ಏನೂ ಗೊತ್ತಿಲ್ಲ. ಕಾರ್ಡು, ಕರಪತ್ರದ ಕೆಲಸ ಕಡಿಮೆ ಆಗುತ್ತಿದೆ, ಹಾಗಾಗಿ ವೆಬ್ ಡಿಸೈನರ್ ಆಗಬೇಕು ಅಂತ ಆಸೆ. ಒಂದು ಕೋರ್ಸಿಗೆ 45 ಸಾವಿರ ಕೇಳುತ್ತಿದ್ದಾರೆ. ತೀರ್ಥಹಳ್ಳಿ ಹತ್ತಿರ ಅಕ್ಕ–ಭಾವ ಹೋಂಸ್ಟೇ ನಡೆಸುತ್ತಾರೆ, ಅವರಿಗೂ ಒಂದು ವೆಬ್‌ಸೈಟ್ ಬೇಕಂತೆ. ಹೇಗೆ ಶುರು ಮಾಡಲಿ?

ಉತ್ತರ: ಆ 45 ಸಾವಿರ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಅಕ್ಕನ ಹೋಂಸ್ಟೇಗೆ ಸೈಟ್ ಬೇಕು ಅಂದಿರಲ್ಲ, ಅದನ್ನೇ ನಿಮ್ಮ ಕೋರ್ಸ್ ಮಾಡಿಕೊಳ್ಳಿ. ನಿಜವಾಗಿ ಬೇಕಾದವರಿಗೆ ಒಂದು ಸೈಟ್ ಮಾಡಿ, ಅವರದ್ದೇ ಹೆಸರಿನ ವಿಳಾಸದಲ್ಲಿ ಏರಿಸಿ, ಒಂದು ವರ್ಷ ನೋಡಿಕೊಳ್ಳಿ. ಈ ಕೆಲಸಕ್ಕೆ ಬೇಕಾದದ್ದರಲ್ಲಿ ಬಹುಪಾಲು ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಕೋರ್ಸ್ ಮಾಡಲೇಬಾರದು ಅಂತಲ್ಲ. ಒಂದು ಸೈಟ್ ಕೈಯಾರೆ ಮಾಡಿದವರಿಗೆ ತಮಗೆ ಏನು ಬರುವುದಿಲ್ಲ ಅನ್ನುವುದು ಸರಿಯಾಗಿ ಗೊತ್ತಿರುತ್ತದೆ. ಆಗ ಅದನ್ನು ಕಲಿಸುವವರನ್ನೇ ಹುಡುಕಬಹುದು, ಕಡಿಮೆ ದುಡ್ಡಿಗೆ.

ನಿಮಗೆ ಏನೂ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಯಾವ ಸಾಲು ದಪ್ಪ ಇರಬೇಕು, ಎಲ್ಲಿ ಜಾಗ ಬಿಡಬೇಕು, ಫಾಂಟ್ ಜಾಸ್ತಿ ಆದರೆ ಪುಟ ಹೇಗೆ ಗಲೀಜಾಗುತ್ತದೆ ಅನ್ನುವುದು ನಿಮ್ಮ ಕಣ್ಣಿಗೆ ಆಗಲೇ ಅಭ್ಯಾಸ ಆಗಿದೆ. ಕೋಡಿಂಗ್ ಚೆನ್ನಾಗಿ ಬರುವ ಎಷ್ಟೋ ಜನರಿಗೆ ಈ ಕಣ್ಣು ಇರುವುದಿಲ್ಲ. ನೀವು ಬಿಡಬೇಕಾದ ಅಭ್ಯಾಸ ಒಂದೇ. ಅಚ್ಚಿನಲ್ಲಿ ಎ4 ಅಂದರೆ ಎ4. ನೀವು ಇಟ್ಟ ಅಕ್ಷರ ಇಟ್ಟಲ್ಲೇ ಇರುತ್ತದೆ. ವೆಬ್‌ನಲ್ಲಿ ಕಾಗದದ ಅಳತೆ ನೋಡುವವರ ಕೈಯಲ್ಲಿದೆ. ಒಬ್ಬರ ಫೋನು 360 ಪಿಕ್ಸೆಲ್ ಅಗಲ, ಇನ್ನೊಬ್ಬರ ಮಾನಿಟರ್ 1920. ಕಣ್ಣು ಸಾಲದ ಹಿರಿಯರು ಅಕ್ಷರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. ಪುಟ ಇವೆಲ್ಲಕ್ಕೂ ಹಿಗ್ಗಬೇಕು, ಕುಗ್ಗಬೇಕು. ಫೋಟೊಶಾಪ್‌ನಲ್ಲಿ ಇಡೀ ಪುಟ ಬಿಡಿಸಿ ಚಿತ್ರವಾಗಿ ಏರಿಸುವ ದಾರಿ ನಿಮಗೆ ಸುಲಭ ಅನ್ನಿಸುತ್ತದೆ. ದಯವಿಟ್ಟು ಆ ಕಡೆ ಹೋಗಬೇಡಿ.

ಕಂಪ್ಯೂಟರ್ ತೆರೆಯುವ ಮೊದಲು ಅಕ್ಕನ ಮನೆಗೆ ಹೋಗಿ ಕೂತು ಮಾತಾಡಿ. ‘ಸೈಟ್ ಹೇಗಿರಬೇಕು’ ಅಂತ ಕೇಳಬೇಡಿ, ‘ಚೆನ್ನಾಗಿರಬೇಕು’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ‘ಫೋನ್ ಮಾಡಿದವರು ಏನೇನು ಕೇಳುತ್ತಾರೆ?’ ಅಂತ ಕೇಳಿ. ಒಬ್ಬರಿಗೆ ಎಷ್ಟು? ಊಟ ಸೇರಿ ತಾನೇ? ಕಾರು ಮನೆ ಬಾಗಿಲ ತನಕ ಬರುತ್ತಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಮಳೆಗಾಲದಲ್ಲಿ ಜಿಗಣೆ ಕಾಟ ಇದೆಯಾ? ಅಜ್ಜ–ಅಜ್ಜಿಗೆ ಮೆಟ್ಟಿಲು ಹತ್ತದೆ ರೂಂ ಇದೆಯಾ? ಕುಪ್ಪಳಿ, ಕವಲೇದುರ್ಗ, ಆಗುಂಬೆ ಎಲ್ಲ ಒಂದೇ ದಿನಕ್ಕೆ ಆಗುತ್ತಾ? ಇವನ್ನೆಲ್ಲ ಬರೆದುಕೊಳ್ಳಿ, ಅಕ್ಕ ಕೊಟ್ಟ ಉತ್ತರವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಸೈಟಿನ ಮುಖ್ಯ ಸರಕು ಇದೇ. ‘ಪ್ರಕೃತಿಯ ಮಡಿಲಲ್ಲಿ ಸ್ವಾಗತ’ ಅನ್ನುವ ಸಾಲು ಎಲ್ಲ ಹೋಂಸ್ಟೇಗಳಿಗೂ ಹೊಂದುತ್ತದೆ. ‘ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ರಸ್ತೆ, ಮಳೆಗಾಲದಲ್ಲಿ ನಮ್ಮ ಜೀಪು ಬಂದು ಕರೆದುಕೊಂಡು ಬರುತ್ತದೆ’ ಅನ್ನುವುದು ಅಕ್ಕನ ಮನೆಗೆ ಮಾತ್ರ ಹೊಂದುತ್ತದೆ. ಓದಿದವರಿಗೆ ನಂಬಿಕೆ ಬರುವುದು ಇಂಥ ಸಾಲಿನಿಂದ.

ಪೆನ್ಸಿಲ್ ಹಿಡಿದು ಫೋನಿನ ಅಗಲದ ಒಂದು ಚೌಕ ಬಿಡಿಸಿ. ಮೇಲೆ ಹೆಸರು, ಒಂದು ಫೋಟೊ, ಎಲ್ಲಿದೆ, ಎಷ್ಟು ದರ, ಕರೆ ಮಾಡುವ ಬಟನ್. ಇಷ್ಟು ಮೊದಲ ಪರದೆಯಲ್ಲೇ ಬರಲಿ. ಉಳಿದದ್ದು ಕೆಳಗೆ. ಐದು ಪುಟ ಬೇಡ, ಒಂದು ಉದ್ದ ಪುಟ ಸಾಕು. ಬೇಕಿದ್ದರೆ ಈ ನಕ್ಷೆಯನ್ನು ಫಿಗ್ಮಾ ಅನ್ನುವ ವಿನ್ಯಾಸದ ಸಾಧನದಲ್ಲಿ ಮಾಡಿಕೊಳ್ಳಬಹುದು, ಉಚಿತ ಯೋಜನೆ ಇದೆ.

ಇನ್ನು ಕಲಿಯುವ ವಿಷಯ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್, ಸದ್ಯಕ್ಕೆ ಇವೆರಡೇ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ, ಇದು ಕೊಂಡಿ ಅಂತ ಗುರುತು ಹಾಕುವುದು ಎಚ್‌ಟಿಎಂಎಲ್. ಅದು ಯಾವ ಬಣ್ಣ, ಎಷ್ಟು ದೊಡ್ಡದು, ಎಲ್ಲಿ ಕೂರಬೇಕು ಅನ್ನುವುದು ಸಿಎಸ್‌ಎಸ್. ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಮಾಡಿದ ಜಗತ್ತಿನ ಮೊದಲ ವೆಬ್‌ಸೈಟ್ 1991ರದ್ದು. ಸರ್ನ್ ಅದನ್ನು ಮತ್ತೆ ಅದರ ಹಳೆಯ ವಿಳಾಸದಲ್ಲೇ ಇಟ್ಟಿದೆ, ನಿಮ್ಮ ಫೋನಿನಲ್ಲೂ ತೆರೆಯುತ್ತದೆ. ಇಷ್ಟು ವರ್ಷ ಬಾಳುವ ವಿದ್ಯೆ ಕಂಪ್ಯೂಟರ್ ಲೋಕದಲ್ಲಿ ಕಡಿಮೆ. ಅದಕ್ಕೇ ಯಾವುದೋ ಹೊಸ ಫ್ರೇಮ್‌ವರ್ಕ್ (ಸಿದ್ಧ ಕೋಡಿನ ಚೌಕಟ್ಟು) ಹಿಂದೆ ಓಡದೆ ಇವೆರಡನ್ನು ಗಟ್ಟಿ ಮಾಡಿಕೊಳ್ಳಿ ಅನ್ನುತ್ತೇನೆ. ಜಾವಾಸ್ಕ್ರಿಪ್ಟ್ ಮುಂದೆ ಬೇಕು, ಈ ಸೈಟಿಗೆ ಬೇಡ.

ಕಲಿಯಲು ಮೊಝಿಲ್ಲಾದ ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ಎರಡೂ ಉಚಿತ, ಎರಡೂ ಒಳ್ಳೆಯವು. ಇಂಗ್ಲಿಷ್ ಸ್ವಲ್ಪ ಓದಬೇಕಾಗುತ್ತದೆ, ಆದರೆ ಸರಳ ಇಂಗ್ಲಿಷ್. ಬರೆಯಲು ವಿಎಸ್ ಕೋಡ್ ಹಾಕಿಕೊಳ್ಳಿ, ಅದೂ ಉಚಿತ. ಒಂದು ಫೋಲ್ಡರ್, ಅದರಲ್ಲಿ ‘ಇಂಡೆಕ್ಸ್’ ಹೆಸರಿನ ಎಚ್‌ಟಿಎಂಎಲ್ ಫೈಲ್, ಒಂದು ಸಿಎಸ್‌ಎಸ್ ಫೈಲ್, ಫೋಟೊಗಳಿಗೆ ಒಂದು ಒಳಫೋಲ್ಡರ್. ಇಂಡೆಕ್ಸ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ಇಂಟರ್ನೆಟ್ ಕೂಡ ಬೇಡ.

ಆ ಫೈಲಿನ ತಲೆಭಾಗದಲ್ಲಿ ಮೂರು ಸಂಗತಿ ಇವೆಯಾ ಅಂತ ನೋಡಿಕೊಳ್ಳಿ. ಭಾಷೆ ಕನ್ನಡ ಅಂತ ಹೇಳುವ ಲ್ಯಾಂಗ್ ಗುರುತು. ಅಕ್ಷರಗಳು ಯುಟಿಎಫ್-8 ಅಂತ ಹೇಳುವ ಸಾಲು, ಅದಿಲ್ಲದಿದ್ದರೆ ಕನ್ನಡ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಮೂರನೆಯದು ವ್ಯೂಪೋರ್ಟ್ ಸಾಲು. ಇದನ್ನು ಬಿಟ್ಟರೆ ಫೋನು ನಿಮ್ಮ ಪುಟ ಸುಮಾರು 980 ಪಿಕ್ಸೆಲ್ ಅಗಲ ಇದೆ ಅಂದುಕೊಂಡು ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ. ‘ಕಂಪ್ಯೂಟರಲ್ಲಿ ಚೆನ್ನಾಗಿದೆ, ಮೊಬೈಲಲ್ಲಿ ಇರುವೆಯಷ್ಟು ಕಾಣುತ್ತೆ’ ಅನ್ನುವ ಹೊಸಬರ ದೂರಿಗೆ ಸಾಮಾನ್ಯವಾಗಿ ಈ ಒಂದು ಸಾಲೇ ಕಾರಣ. ಸಿಎಸ್‌ಎಸ್‌ನಲ್ಲಿ ಬಾಕ್ಸ್ ಮಾಡೆಲ್ (ಪ್ರತಿ ಭಾಗದ ಸುತ್ತಿನ ಅಂಚು, ಅಂತರ), ಫ್ಲೆಕ್ಸ್‌ಬಾಕ್ಸ್ (ಸಾಲಾಗಿ ಜೋಡಿಸುವುದು), ಗ್ರಿಡ್ (ಅಡ್ಡ–ಉದ್ದ ಮನೆಗಳಲ್ಲಿ ಜೋಡಿಸುವುದು), ಮೀಡಿಯಾ ಕ್ವೆರಿ (ಪರದೆಯ ಅಗಲಕ್ಕೆ ತಕ್ಕ ನಿಯಮ) ಈ ಕ್ರಮದಲ್ಲಿ ಹೋಗಿ. ಇಷ್ಟವಾದ ಸೈಟ್ ಕಂಡರೆ ಎಫ್12 ಒತ್ತಿ. ಅದರ ಒಳಗನ್ನು ಬ್ರೌಸರ್ರೇ ಬಿಚ್ಚಿ ತೋರಿಸುತ್ತದೆ. ಅಲ್ಲೇ ಬಣ್ಣ ಬದಲಿಸಿ, ಅಂತರ ಬದಲಿಸಿ ಆಟ ಆಡಿ, ಯಾರ ಸೈಟೂ ಹಾಳಾಗುವುದಿಲ್ಲ.

ಈಗ ಎಐ ಕೇಳಿದರೆ ಇಡೀ ಪುಟದ ಕೋಡ್ ಬರೆದುಕೊಡುತ್ತದೆ. ಬಳಸಿ, ತಪ್ಪೇನಿಲ್ಲ. ಆದರೆ ಓದಿ ಅರ್ಥವಾಗದ ಒಂದು ಸಾಲನ್ನೂ ಸೈಟಿಗೆ ಹಾಕಬೇಡಿ. ಅರ್ಥ ಆಗದ ಸಾಲನ್ನು ಅದಕ್ಕೇ ಕೊಟ್ಟು ವಿವರಿಸು ಅನ್ನಿ. ನಾಳೆ ಅಕ್ಕ ಫೋನ್ ಮಾಡಿ ‘ದರ ಬದಲಾಗಿದೆ ಕಣೋ’ ಅಂದಾಗ ಆ ಸಾಲು ಎಲ್ಲಿದೆ ಅಂತ ನಿಮಗೆ ಗೊತ್ತಿರಬೇಕಲ್ವಾ?

ಈಗ ಕನ್ನಡದ ಮಾತು. ಡಿಟಿಪಿಯಿಂದ ಬರುವವರು ಎಡವುವುದೂ ಇಲ್ಲೇ, ಉಳಿದವರಿಗಿಂತ ಮುಂದೆ ಹೋಗಬಹುದಾದದ್ದೂ ಇಲ್ಲೇ. ಅಂಗಡಿಯಲ್ಲಿ ನೀವು ನುಡಿಯಲ್ಲಿ ಬೆರಳಚ್ಚು ಮಾಡಿದ ಹಳೆಯ ಫೈಲುಗಳು ಬಹುಶಃ ಆಸ್ಕಿ ಫಾಂಟಿನವು. ಅವುಗಳಲ್ಲಿ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ ಅಷ್ಟೆ. ಪರೀಕ್ಷೆ ಮಾಡಿ ನೋಡಿ: ‘ಕನ್ನಡ’ ಅಂತ ನುಡಿ ಫಾಂಟಿನಲ್ಲಿ ಹೊಡೆದು ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಂಡರೆ ಅದು ಆಸ್ಕಿ. ನಿಮ್ಮ ‘ನ’ ಆ ಫೈಲಿನಲ್ಲಿ ಪೌಂಡ್ ಆಗಿ ಕೂತಿದೆ. ಅದನ್ನು ಸೈಟಿಗೆ ಹಾಕಿದರೆ ಓದುಗರಿಗೆ ಕಾಣುವುದೂ ಅದೇ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ.

ವೆಬ್‌ಗೆ ಯೂನಿಕೋಡ್ ಬೇಕು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿ. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆ ಇದೆ. ನಿಮ್ಮ ಬೆರಳಿಗೆ ಗೊತ್ತಿರುವ ಕೀಲಿಮಣೆಯಲ್ಲೇ ಹೊಡೆಯಬಹುದು. ಹಳೆಯ ಫೈಲುಗಳಿಗೆ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಕಣ್ಣುಮುಚ್ಚಿ ನಂಬಬೇಡಿ. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿರುತ್ತವೆ. ಅರ್ಕಾವೊತ್ತು ಇರುವ ಪದಗಳನ್ನು, ಫೋನ್ ನಂಬರನ್ನು ಒಂದೊಂದಾಗಿ ನೋಡಿ.

ಫಾಂಟ್ ವಿಷಯದಲ್ಲಿ ಈಗ ಕನ್ನಡಕ್ಕೆ ಬಡತನ ಇಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಇವೆ. ಎಲ್ಲವೂ ಮುಕ್ತ ಪರವಾನಗಿಯವು, ವ್ಯಾಪಾರದ ಸೈಟಿಗೂ ಹಾಕಬಹುದು. ಶೀರ್ಷಿಕೆಗೆ ಒಂದು, ಒಳಬರಹಕ್ಕೆ ಒಂದು ಸಾಕು. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟಿನ ಫೈಲು ಇಂಗ್ಲಿಷಿನದ್ದಕ್ಕಿಂತ ಭಾರ, ಸುಮ್ನೆ ಆರು ತೂಕ (ಅಕ್ಷರದ ದಪ್ಪದ ಮಟ್ಟ) ಎಳೆದುಕೊಳ್ಳಬೇಡಿ. ಸಾಮಾನ್ಯ ಮತ್ತು ದಪ್ಪ, ಎರಡೇ ಸಾಕು. ದಪ್ಪದ ಫೈಲು ಇಲ್ಲದೆ ದಪ್ಪ ಮಾಡು ಅಂದರೆ ಬ್ರೌಸರ್ ಅಕ್ಷರವನ್ನು ಸವರಿ ದಪ್ಪ ಮಾಡುತ್ತದೆ, ಒತ್ತುಗಳ ಸಂದು ಮುಚ್ಚಿಹೋಗುತ್ತದೆ.

ಸಾಲುಗಳ ಅಂತರ ಇಂಗ್ಲಿಷಿಗೆ 1.4 ಇದ್ದರೂ ನಡೆಯುತ್ತದೆ. ಕನ್ನಡಕ್ಕೆ 1.7ರ ಆಸುಪಾಸು ಕೊಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ‘ರಾಷ್ಟ್ರೀಯ’ ಅಂತ ಬರೆದು, ಅದರ ಕೆಳಗಿನ ಸಾಲಿನಲ್ಲಿ ‘ಹಿಡಿ’ ಅಂತ ಬರೆದು ನೋಡಿದರೆ ಅಂತರ ಸಾಕೋ ಸಾಲದೋ ಅಂತ ತಕ್ಷಣ ತಿಳಿಯುತ್ತದೆ. ಅಕ್ಷರಗಳ ನಡುವೆ ಅಂತರ ಕೊಡುವ ಆಯ್ಕೆ ಮುಟ್ಟಬೇಡಿ. ಓರೆ ಅಕ್ಷರವೂ ಬೇಡ. ಕನ್ನಡದ ಬಹುತೇಕ ಫಾಂಟುಗಳಿಗೆ ಓರೆ ರೂಪವೇ ಇಲ್ಲ, ಬ್ರೌಸರ್ ಸುಮ್ನೆ ವಾಲಿಸುತ್ತದೆ. ಮತ್ತೊಂದು, ಅಚ್ಚಿನ ಅಭ್ಯಾಸದಿಂದ ಎರಡೂ ಅಂಚು ಸಮ ಮಾಡಲು ಕೈ ತುರಿಸುತ್ತದೆ. ಫೋನಿನ ಅಗಲದಲ್ಲಿ ‘ಮಾಡಿಕೊಳ್ಳಬೇಕಾಗುತ್ತದೆ’ ಅನ್ನುವಂಥ ಪದ ಬಂದರೆ ಸಾಲಿನಲ್ಲಿ ಎರಡೇ ಪದ ಉಳಿದು ನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಜೋಡಿಸಿ, ಬಲ ಅಂಚು ಏರುಪೇರು ಇರಲಿ.

ಅತಿಥಿಗಳು ಬೆಂಗಳೂರಿಂದಲೂ ಹೊರರಾಜ್ಯದಿಂದಲೂ ಬರುತ್ತಾರೆ, ಹಾಗಾಗಿ ಇಂಗ್ಲಿಷ್ ಪುಟವೂ ಬೇಕು. ಬೇರೆ ಫೈಲ್ ಮಾಡಿ, ಎರಡರ ನಡುವೆ ಮೇಲುಗಡೆ ಒಂದು ಕೊಂಡಿ ಕೊಡಿ. ಆದರೆ ಕನ್ನಡ ಪುಟ ಇಂಗ್ಲಿಷಿನ ನೆರಳಾಗದಿರಲಿ. ಮೊದಲು ಕನ್ನಡದಲ್ಲಿ ಬರೆಯಿರಿ. ಅಕ್ಕನ ಮಾತು ಕಿವಿಯಲ್ಲಿರುವ ನಿಮ್ಮಷ್ಟು ಚೆನ್ನಾಗಿ ಅದನ್ನು ಯಾವ ಅನುವಾದದ ಯಂತ್ರವೂ ಬರೆಯಲಾರದು.

ಫೋಟೊಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೇ ಗೊತ್ತು. ಅಚ್ಚಿಗೆ 300 ಡಿಪಿಐ ಬೇಕು, ಇಲ್ಲಿ ಡಿಪಿಐಗೆ ಲೆಕ್ಕವೇ ಇಲ್ಲ, ಪಿಕ್ಸೆಲ್ ಮಾತ್ರ. ಫೋನಿನ ಕ್ಯಾಮೆರಾದ 4–5 ಎಂಬಿ ಫೋಟೊವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ 200 ಕೆಬಿ ಒಳಗೆ ಬರುತ್ತದೆ. ಬಣ್ಣ ಆರ್‌ಜಿಬಿಯಲ್ಲಿ ಇರಲಿ, ಸಿಎಂವೈಕೆ ಬೇಡ. ಪ್ರತಿ ಚಿತ್ರಕ್ಕೂ ಆಲ್ಟ್ ಬರಹ, ಅಂದರೆ ಚಿತ್ರದಲ್ಲಿ ಏನಿದೆ ಅಂತ ಹೇಳುವ ಸಾಲು, ಕೊಡಿ. ಗೂಗಲ್‌ನಲ್ಲಿ ಸಿಕ್ಕಿದ ಜೋಗದ ಫೋಟೊ ಎತ್ತಿ ಹಾಕಬೇಡಿ, ಅದಕ್ಕೆ ಯಾರೋ ಹಕ್ಕುದಾರರು ಇರುತ್ತಾರೆ. ಅಕ್ಕನ ಅಂಗಳದ ಫೋಟೊವೇ ಬೇಕಾಗಿರುವುದು.

ಫೋಲ್ಡರ್ ಸಿದ್ಧ ಆಯಿತು, ಈಗ ಇಂಟರ್ನೆಟ್ಟಿಗೆ ಏರಿಸಬೇಕು. ಇದಕ್ಕೆ ಎರಡು ಬೇರೆ ಬೇರೆ ವಸ್ತು ಬೇಕು. ವಿಳಾಸ, ಅಂದರೆ ಡೊಮೇನ್. ಫೈಲುಗಳನ್ನು ಇಡುವ ಜಾಗ, ಅಂದರೆ ಹೋಸ್ಟಿಂಗ್. ಎರಡನ್ನೂ ಒಂದೇ ಕಡೆ ಕೊಳ್ಳಬೇಕು ಅಂತೇನಿಲ್ಲ.

ಡೊಮೇನ್ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಅದು ಅಕ್ಕನ ಹೆಸರಿನಲ್ಲಿ, ಅಕ್ಕನ ಇಮೇಲಿನಲ್ಲಿ, ಅಕ್ಕನ ಫೋನ್ ನಂಬರಿನಲ್ಲಿ ನೋಂದಣಿ ಆಗಬೇಕು. ನಿಮ್ಮ ಹೆಸರಿನಲ್ಲಿ ಬೇಡ. ಸ್ವಂತ ಅಕ್ಕನೇ ಆದರೂ ಬೇಡ. ಊರೂರಲ್ಲಿ ಎಷ್ಟೋ ಅಂಗಡಿ, ಶಾಲೆ, ಸಹಕಾರ ಸಂಘಗಳ ಡೊಮೇನ್ ಯಾರೋ ಸೈಟ್ ಮಾಡಿದ ಹುಡುಗನ ಹೆಸರಿನಲ್ಲಿದೆ. ಆತ ಊರು ಬಿಟ್ಟಿರುತ್ತಾನೆ, ಫೋನ್ ಎತ್ತುವುದಿಲ್ಲ, ನವೀಕರಣದ ಇಮೇಲ್ ಆತನಿಗೇ ಹೋಗುತ್ತದೆ. ಒಂದು ದಿನ ಸೈಟ್ ತೆರೆಯುವುದಿಲ್ಲ. ವಿಸಿಟಿಂಗ್ ಕಾರ್ಡು, ಬೋರ್ಡು, ಗೂಗಲ್ ಮ್ಯಾಪ್ ಎಲ್ಲ ಕಡೆ ಅದೇ ವಿಳಾಸ ಇರುತ್ತದೆ. ಅವಧಿ ಮುಗಿದ ಡೊಮೇನನ್ನು ಬೇರೆಯವರು ಕೊಂಡರೆ ವಾಪಸ್ ಸಿಗುವುದು ಬಹಳ ಕಷ್ಟ. ಈ ಕೆಲಸಕ್ಕೆ ಬರುವವರು ಮೊದಲ ದಿನದಿಂದಲೇ ಇದರಲ್ಲಿ ಶಿಸ್ತು ಇಟ್ಟುಕೊಳ್ಳಬೇಕು.

ಹೆಸರು ಚಿಕ್ಕದಿರಲಿ. ಫೋನಿನಲ್ಲಿ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ನಡುವೆ ಅಡ್ಡಗೆರೆ, ಅಂಕಿ ಬೇಡ. ಡಾಟ್ ಇನ್ ಸಾಕು, ನಿಕ್ಸಿ ಸಂಸ್ಥೆ ನೋಡಿಕೊಳ್ಳುವ ನಮ್ಮ ದೇಶದ ಡೊಮೇನ್ ಅದು. ಅದೇ ಸಂಸ್ಥೆಯ ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಇದೆ. ಇಷ್ಟಪಟ್ಟರೆ ಅದನ್ನೂ ತೆಗೆದುಕೊಂಡು ಈ ಕಡೆಗೆ ತಿರುಗಿಸಬಹುದು. ಅದನ್ನೇ ಮುಖ್ಯ ಮಾಡಿಕೊಳ್ಳಬೇಡಿ, ಇಮೇಲಿನಲ್ಲಿ, ಕೆಲವು ಫಾರಂಗಳಲ್ಲಿ ಇನ್ನೂ ತಕರಾರು ಬರುತ್ತದೆ. ಜಾಹೀರಾತಿನ ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ನವೀಕರಣ ದರ ಎಷ್ಟು ಅಂತ ಕೊಳ್ಳುವ ಮೊದಲೇ ನೋಡಿ. ಜೊತೆಗೆ ಅವರು ತಾವಾಗಿಯೇ ಸೇರಿಸಿಡುವ ಇಮೇಲ್, ಸೆಕ್ಯೂರಿಟಿ ಪ್ಯಾಕೇಜುಗಳ ಗುರುತನ್ನೆಲ್ಲ ತೆಗೆದುಹಾಕಿ.

ಹೋಸ್ಟಿಂಗ್‌ಗೆ ಸದ್ಯಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಿಮ್ಮದು ಬರೀ ಫೈಲುಗಳ ಸೈಟು. ನೆಟ್ಲಿಫೈ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನ ಉಚಿತ ಯೋಜನೆ ಒಂದು ಹೋಂಸ್ಟೇಗೆ ಧಾರಾಳವಾಗಿ ಸಾಕು. ನೆಟ್ಲಿಫೈಯಲ್ಲಿ ಫೋಲ್ಡರನ್ನು ಎಳೆದು ಬ್ರೌಸರಿಗೆ ಹಾಕಿದರೆ ಆಯಿತು, ಸೈಟ್ ಏರುತ್ತದೆ. ಗಿಟ್‌ಹಬ್ ಪೇಜಸ್ ಕೂಡ ಉಚಿತ, ಆದರೆ ವ್ಯಾಪಾರ ನಡೆಸುವ ಸೈಟಿಗೆ ಅದನ್ನು ಬಳಸಬಾರದು ಅಂತ ಅವರ ನಿಯಮದಲ್ಲೇ ಇದೆ. ನಿಮ್ಮ ಅಭ್ಯಾಸದ ಪುಟಗಳನ್ನು ಅಲ್ಲಿ ಇಡಿ.

ಈಗ ವಿಳಾಸವನ್ನೂ ಜಾಗವನ್ನೂ ಜೋಡಿಸಬೇಕು. ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್, ಅಂದರೆ ವಿಳಾಸ ಯಾವ ಜಾಗಕ್ಕೆ ಹೋಗಬೇಕು ಅಂತ ಹೇಳುವ ಪುಟ ತೆರೆಯಿರಿ. ಒಂದು ಪಟ್ಟಿ ಕಾಣುತ್ತದೆ. ಅದರಲ್ಲಿ ‘ಎ’ ಅನ್ನುವ ದಾಖಲೆ ಬರೀ ಡೊಮೇನಿಗೆ, ‘ಸಿನೇಮ್’ ಅನ್ನುವುದು ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿ ಬರುವವರಿಗೆ. ಏನು ತುಂಬಬೇಕು ಅಂತ ಹೋಸ್ಟಿಂಗ್‌ನವರೇ ಬರೆದು ತೋರಿಸುತ್ತಾರೆ, ನೋಡಿ ಹಾಕಿ. ‘ಎಂಎಕ್ಸ್’ ಅಂತ ಇರುವುದು ಇಮೇಲಿಗೆ ಸಂಬಂಧಿಸಿದ್ದು, ಅದನ್ನು ಅಳಿಸಬೇಡಿ. ಉಳಿಸಿದ ಮೇಲೆ ಹತ್ತು ನಿಮಿಷಕ್ಕೂ ಆಗಬಹುದು, ಮಾರನೇ ದಿನದ ತನಕವೂ ಹಿಡಿಯಬಹುದು. ಸೈಟ್ ಕಾಣಲಿಲ್ಲ ಅಂತ ಗಾಬರಿಯಾಗಿ ಮತ್ತೆ ಮತ್ತೆ ಬದಲಿಸುತ್ತಾ ಹೋದರೆ ಯಾವುದು ಸರಿ ಇತ್ತು ಅಂತಲೇ ಗೊತ್ತಾಗದೆ ಹೋಗುತ್ತದೆ. ಬೀಗದ ಗುರುತು ಬರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಇಂಥ ಹೋಸ್ಟಿಂಗ್‌ನವರು ಉಚಿತವಾಗಿಯೇ ಹಾಕಿಕೊಡುತ್ತಾರೆ. ಈ ಪತ್ರವನ್ನು ಉಚಿತವಾಗಿ ಕೊಡುವ, ಲಾಭದ ಉದ್ದೇಶವಿಲ್ಲದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಬಂದ ಮೇಲೆ ಸಣ್ಣ ಸೈಟುಗಳು ಇದಕ್ಕೆ ದುಡ್ಡು ಕೊಡುವ ಕಾಲ ಹೋಯಿತು. ಯಾರಾದರೂ ಪ್ರತ್ಯೇಕವಾಗಿ ಮಾರಲು ಬಂದರೆ ಬೇಡ ಅನ್ನಿ.

ವರ್ಡ್‌ಪ್ರೆಸ್ ಯಾಕೆ ಹೇಳಲಿಲ್ಲ ಅಂತ ನಿಮಗೆ ಅನ್ನಿಸಬಹುದು. ಕೋಡ್ ಬರೆಯದೆ ಸೈಟ್ ನಡೆಸಲು 2003ರಿಂದ ಇರುವ ಒಳ್ಳೆಯ ಸಾಧನ ಅದು, ನೀವು ಮುಂದೆ ಕಲಿಯಲೇಬೇಕು. ವಾರ ವಾರ ಹೊಸ ಬರಹ ಹಾಕುವವರಿಗೆ, ತಾವೇ ಬದಲಿಸಬೇಕು ಅನ್ನುವವರಿಗೆ ಅದೇ ಸರಿ. ಆದರೆ ಅದಕ್ಕೆ ದುಡ್ಡಿನ ಹೋಸ್ಟಿಂಗ್ ಬೇಕು, ಅದನ್ನೂ ಅದರ ಪ್ಲಗಿನ್‌ಗಳನ್ನೂ (ಸೇರಿಸಿಕೊಳ್ಳುವ ಬಿಡಿ ಸೌಲಭ್ಯಗಳು) ತಪ್ಪದೆ ಅಪ್‌ಡೇಟ್ ಮಾಡಬೇಕು, ಬ್ಯಾಕಪ್ ಇಡಬೇಕು. ನೋಡಿಕೊಳ್ಳದೆ ಬಿಟ್ಟ ವರ್ಡ್‌ಪ್ರೆಸ್ ಸೈಟಿಗೆ ಕಳ್ಳರು ನುಗ್ಗುವುದು ದಿನನಿತ್ಯದ ಮಾತು. ವರ್ಷಕ್ಕೆ ಎರಡು ಸಲ ದರ ಬದಲಾಗುವ ಹೋಂಸ್ಟೇಗೆ ಅಷ್ಟು ಹೊರೆ ಬೇಡ.

ಬುಕಿಂಗ್ ಫಾರಂ ಕೂಡ ಈಗ ಬೇಡ. ಒತ್ತಿದರೆ ನೇರ ಕರೆ ಹೋಗುವ ಕೊಂಡಿ, ವಾಟ್ಸ್ಆ್ಯಪ್ ತೆರೆಯುವ ಕೊಂಡಿ, ಎರಡೇ ಸಾಕು. ವಾಟ್ಸ್ಆ್ಯಪ್ ಕೊಂಡಿಯಲ್ಲಿ ನಂಬರಿನ ಮುಂದೆ 91 ಹಾಕಲು ಮರೆಯಬೇಡಿ, ಪ್ಲಸ್ ಚಿಹ್ನೆ ಬೇಡ. ಅತಿಥಿಗಳ ಹೆಸರು, ನಂಬರು ಸೈಟಿನಲ್ಲಿ ಶೇಖರಿಸದಿದ್ದರೆ ಅದನ್ನು ಕಾಯುವ ಹೊಣೆಯೂ ಬರುವುದಿಲ್ಲ. ಡಿಜಿಟಲ್ ಖಾಸಗಿ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಮುಂದೆ ಫಾರಂ ಇರುವ ಸೈಟ್ ಮಾಡುವಾಗ ಅದನ್ನು ಓದಿಕೊಳ್ಳಿ.

ಸೈಟ್ ಏರಿದ ಮೇಲೆ ಪರೀಕ್ಷೆ ಮಾಡುವುದು ನಿಮ್ಮ ಅಂಗಡಿಯ ದೊಡ್ಡ ಮಾನಿಟರಿನಲ್ಲಲ್ಲ. ಯಾರದಾದರೂ ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ವೈಫೈ ಆರಿಸಿ, ಬಿಸಿಲಿಗೆ ಹೋಗಿ ನಿಂತು ತೆರೆಯಿರಿ. ತಿಳಿಬೂದಿ ಬಣ್ಣದ ಅಕ್ಷರ ಓದಲು ಆಗುತ್ತಾ? ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ಅಳೆಯುವ ಉಪಕರಣ ಬ್ರೌಸರಿನಲ್ಲೇ ಇದೆ. ಹೆಬ್ಬೆರಳಿಗೆ ಬಟನ್ ಸಿಗುತ್ತಾ? ಆಮೇಲೆ ವೇಗ ಅಳೆಯುವ, ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ವಿಳಾಸ ಕೊಟ್ಟು ನೋಡಿ. ಮುಖ್ಯ ಭಾಗ 2.5 ಸೆಕೆಂಡಿನ ಒಳಗೆ ಕಾಣಬೇಕು. ತಡವಾದರೆ ಮೊದಲು ಫೋಟೊ ನೋಡಿ, ಆಮೇಲೆ ಫಾಂಟ್. ಕೊನೆಗೆ ಅಕ್ಕನ ಖಾತೆಯಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ ಸೈಟಿನ ವಿಳಾಸ ಸೇರಿಸಿ. ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್‌ಗೂ ಸೈಟನ್ನು ಸೇರಿಸಿ. ಎರಡೂ ಉಚಿತ.

ಇನ್ನು ಸಂಪಾದನೆ. ಅಂಗಡಿ ಕೆಲಸ ಈಗಲೇ ಬಿಡಬೇಡಿ. ನಿಮ್ಮ ಮುಂದಿನ ಗಿರಾಕಿಗಳು ಆ ಅಂಗಡಿಗೇ ಬರುತ್ತಿದ್ದಾರೆ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದ ನರ್ಸರಿಯವರು, ಬೋರ್ಡ್ ಬರೆಸಲು ಬಂದ ಕ್ಲಿನಿಕ್‌ನವರು. ಅವರಿಗೆ ಅಕ್ಕನ ಸೈಟನ್ನು ಅವರ ಫೋನಿನಲ್ಲೇ ತೆರೆದು ತೋರಿಸಿ. ಸರ್ಟಿಫಿಕೇಟ್ ಕೇಳುವ ಗಿರಾಕಿ ಅಪರೂಪ, ಮಾಡಿದ ಕೆಲಸ ತೋರಿಸು ಅನ್ನುವವರೇ ಎಲ್ಲ. ಅಂಗಡಿಯ ಮಾಲೀಕರಿಗೆ ಮಾತ್ರ ಮೊದಲೇ ತಿಳಿಸಿ, ಅವರ ಗಿರಾಕಿ ಅಂದ ಮೇಲೆ ಅವರ ಜೊತೆ ಒಂದು ಒಪ್ಪಂದ ಇರುವುದು ಒಳ್ಳೆಯದು.

ದರ ಹೇಳುವಾಗ ಎರಡು ಭಾಗ ಮಾಡಿ: ಕಟ್ಟಿಕೊಡುವುದಕ್ಕೆ ಇಷ್ಟು, ವರ್ಷ ವರ್ಷ ನೋಡಿಕೊಳ್ಳುವುದಕ್ಕೆ ಇಷ್ಟು. ಡೊಮೇನಿನ ದುಡ್ಡು ಇದರಲ್ಲಿ ಸೇರಿಸಬೇಡಿ, ಗಿರಾಕಿಯೇ ನೇರ ಕಟ್ಟಲಿ. ಎಷ್ಟು ಗಂಟೆ ಹಿಡಿಯಿತು ಅಂತ ಅಕ್ಕನ ಸೈಟ್ ಮಾಡುವಾಗಲೇ ಬರೆದಿಟ್ಟುಕೊಳ್ಳಿ, ಮುಂದಿನ ದರಕ್ಕೆ ಅದೇ ಆಧಾರ. ಎಷ್ಟು ಪುಟ, ಬರಹ–ಫೋಟೊ ಯಾರು ಕೊಡಬೇಕು, ಎಷ್ಟು ಸಲ ತಿದ್ದುಪಡಿ, ಯಾವಾಗ ಎಷ್ಟು ಪಾವತಿ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಅರ್ಧ ಮುಂಗಡ ತೆಗೆದುಕೊಂಡೇ ಶುರು ಮಾಡಿ. ಕೆಲಸ ನಿಲ್ಲುವುದು ಹೆಚ್ಚಾಗಿ ಗಿರಾಕಿ ಬರಹ ಕೊಡದೆ ತಿಂಗಳುಗಟ್ಟಲೆ ಎಳೆಯುವುದರಿಂದ. ಅದಕ್ಕೇ ಬರಹ ಕೊಡುವ ದಿನಾಂಕವನ್ನೂ ಆ ಹಾಳೆಯಲ್ಲಿ ಹಾಕಿ. ಸೇವೆಯಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಅಲ್ಲಿಯ ತನಕ ಸಾದಾ ಬಿಲ್ ಸಾಕು. ಸೈಟ್ ಒಪ್ಪಿಸುವ ದಿನ ಡೊಮೇನ್, ಹೋಸ್ಟಿಂಗ್ ಎರಡರ ಲಾಗಿನ್ ಗಿರಾಕಿಯ ಕೈಗೆ ಕೊಟ್ಟು, ಅವರ ಎದುರಿಗೇ ಒಮ್ಮೆ ಲಾಗಿನ್ ಮಾಡಿಸಿ. ನವೀಕರಣದ ದಿನಾಂಕವನ್ನು ಅವರ ಫೋನಿನ ಕ್ಯಾಲೆಂಡರಿನಲ್ಲೂ ನಿಮ್ಮದರಲ್ಲೂ ಹಾಕಿಡಿ.